ಕಣ್ಣೇ ಕೈಯಾದಾಗ

ಮೋಟಾರ್ ನ್ಯೂರಾನ್ ಕಾಯಿಲೆಯಲ್ಲಿ ಕೈಕಾಲು, ನಾಲಿಗೆಯ ಸ್ನಾಯುಗಳು ಕ್ರಮೇಣ ಶಕ್ತಿ ಕಳೆದುಕೊಳ್ಳುತ್ತವೆ. ನೀರು ಬೇಕೆಂದು ಹೇಳುವುದೂ ಕಷ್ಟವಾಗುತ್ತದೆ. ಆದರೆ ಕಣ್ಣು ಹೊರಳಿಸುವ ಸ್ನಾಯುಗಳು ಸಾಮಾನ್ಯವಾಗಿ ಬಹುಕಾಲ ಕೆಲಸ ಮಾಡುತ್ತವೆ. ನೋಟವನ್ನೇ ಬೆರಳಿನಂತೆ ಬಳಸುವ ಸೌಲಭ್ಯ 2024ರಿಂದ ಹಲವು ಐಪ್ಯಾಡ್‌ಗಳಲ್ಲೇ ಇದೆ. ಸೆಟ್ಟಿಂಗ್ಸ್‌ನ ಆಕ್ಸೆಸಿಬಿಲಿಟಿ ವಿಭಾಗದಲ್ಲಿ ಸಿಗುತ್ತದೆ.

ಟ್ಯಾಬ್ಲೆಟ್ ಅಲುಗದಂತೆ, ಮುಖದಿಂದ ಸುಮಾರು ಒಂದೂವರೆ ಅಡಿ ದೂರದಲ್ಲಿ ನಿಲ್ಲಿಸಿ. ಪರದೆಯ ಮೇಲೆ ಒಂದೊಂದೇ ಕಡೆ ಮೂಡುವ ಚುಕ್ಕೆಯನ್ನು ರೋಗಿ ದಿಟ್ಟಿಸಬೇಕು. ಮುಂಭಾಗದ ಕ್ಯಾಮೆರಾ ನೋಟದ ದಿಕ್ಕನ್ನು ಗುರುತಿಸಿಕೊಳ್ಳುತ್ತದೆ. ನಂತರ ಬೇಕಾದ ಗುಂಡಿಯ ಮೇಲೆ ಕ್ಷಣಕಾಲ ದೃಷ್ಟಿ ನೆಟ್ಟರೆ ಸಾಕು, ಅದು ಒತ್ತಿದಂತೆಯೇ.

ಮಾತು ಪೂರ್ತಿ ನಿಲ್ಲುವವರೆಗೆ ಕಾಯಬೇಡಿ. ವಾಕ್ ಚಿಕಿತ್ಸಕರ ಸಲಹೆ ಪಡೆದು ಮೊದಲೇ ಅಭ್ಯಾಸ ಆರಂಭಿಸಿ. ಕಣ್ಣು ದಣಿದರೆ ವಿರಾಮ ಕೊಡಿ. ಯಂತ್ರ ಕೈಕೊಟ್ಟಾಗ ಬಳಸಲು ಅಕ್ಷರಗಳ ಹಲಗೆಯೊಂದು ಹಾಸಿಗೆಯ ಪಕ್ಕದಲ್ಲಿರಲಿ.