ಮೇಷ್ಟ್ರಿಗೆ ಟ್ರೈನಿಂಗ್ ಸರಿ, ಪಾಠ ಕಟ್ಟೋ ಹಕ್ಕು ಯಾರಿಗೆ?

ಹಾಸನ: ಬೆಳಗ್ಗೆ ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣದ ಕಡೆ ಹೊರಡುವ ಬಸ್ಸುಗಳಲ್ಲಿ ಊಟದ ಡಬ್ಬಿ ತೊಡೆ ಮೇಲಿಟ್ಟುಕೊಂಡು ಕೂತ ಪ್ರೈಮರಿ ಶಾಲೆ ಮೇಷ್ಟ್ರು, ಮೇಡಂಗಳು ಇದ್ದೇ ಇರುತ್ತಾರೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಮೇಡಂಗಳಿಗೆ ಟಿಕೆಟಿನ ಚಿಂತೆ ಹೋಗಿ ಸೀಟಿನ ಚಿಂತೆ ಬಂದಿದೆ, ಅದು ಬೇರೆ ಮಾತು. ವರ್ಷದಲ್ಲಿ ಕೆಲವು ದಿನ ಇವರು ದಿನಾ ಇಳಿಯೋ ಸ್ಟಾಪಿನಲ್ಲಿ ಇಳಿಯದೆ ಸೀದಾ ತಾಲ್ಲೂಕು ಕೇಂದ್ರಕ್ಕೆ ಹೋಗುತ್ತಾರೆ. ಯಾಕೆ ಅಂತ ಕೇಳಿದರೆ ಒಂದೇ ಉತ್ತರ: "ಟ್ರೈನಿಂಗು."

"ಸಂಬಳ ತಗೊಳ್ಳೋರಿಗೆ ಇನ್ನೂ ಎಂಥಾ ಟ್ರೈನಿಂಗು?" ಅನ್ನೋರು ಅಂಗಡಿ ಕಟ್ಟೆಗಳಲ್ಲಿ ಕಡಿಮೆ ಇಲ್ಲ. ಅಲ್ಲಿ ಕಲಿಸುವುದಾದರೂ ಏನು, ಅದು ಶಾಲೆಯ ಕೋಣೆಯವರೆಗೆ ತಲುಪುತ್ತದೆಯೋ ಇಲ್ಲವೋ ಎಂಬುದನ್ನು ಮಾತ್ರ ಕೇಳುವವರು ಕಡಿಮೆ.

ಇದಕ್ಕೊಂದು ಒಳ್ಳೆಯ ಉದಾಹರಣೆ ನಮ್ಮ ಮಕ್ಕಳ ಬಾಯಲ್ಲೇ ಇದೆ. ಸರ್ಕಾರಿ ಶಾಲೆಗೆ ಒಂದನೇ ಕ್ಲಾಸಿಗೆ ಸೇರಿದ ಮಗು ಮನೆಗೆ ಬಂದು 'ಅ ಆ ಇ ಈ' ಅನ್ನುವ ಬದಲು 'ರ ಗ ಸ ದ ಅ' ಅನ್ನುತ್ತದೆ. ಅಜ್ಜಿ ಗಾಬರಿ. "ಇದ್ಯಾವ ಅಕ್ಷರ ಮಾಲೆಯಪ್ಪಾ, ಹಿಂದು ಮುಂದು?" ಅಂತ ಮೇಷ್ಟ್ರ ಮೇಲೆ ಸಿಟ್ಟು.

ಸಿಟ್ಟಾಗುವ ಮೊದಲು ಲೆಕ್ಕ ಹಾಕಿ ನೋಡಿ. ಅ, ಆ, ಇ, ಈ ನಾಲ್ಕೂ ಕಲಿತ ಮಗು 'ಆ', 'ಈ' ಬಿಟ್ಟರೆ ಹೆಚ್ಚೇನೂ ಓದಲಾರದು. ರ, ಗ, ಸ, ದ, ಅ ಐದು ಕಲಿತರೆ ಸರ, ದರ, ರಸ, ಅರಸ, ಅಗಸ ಎಲ್ಲವನ್ನೂ ಓದುತ್ತದೆ. ಅಪ್ಪನ ಅಂಗಡಿ ಬೋರ್ಡಿನ ಮೇಲಿರುವ 'ದರ' ಅನ್ನೋ ಮಾತನ್ನೂ ಓದುತ್ತದೆ! ಮುಂದಿನ ಕಂತು ಜ, ವ, ಮ, ಬ, ನ. ಆಗ ಮರ, ಜನ, ವನ. ಓದು ಬಂತು ಅನ್ನೋ ಹುರುಪು ಮೊದಲ ತಿಂಗಳಲ್ಲೇ ಮಗುವಿಗೆ ಬರಲಿ ಅಂತ ಈ ಏರ್ಪಾಟು. ವರ್ಣಮಾಲೆ ಎಲ್ಲೂ ಓಡಿಹೋಗುವುದಿಲ್ಲ, ಆಮೇಲೆ ಬರುತ್ತದೆ.

ಇದರ ಹೆಸರು ನಲಿ-ಕಲಿ. ಹುಟ್ಟಿದ್ದು ಬೆಂಗಳೂರಿನ ಆಫೀಸಿನಲ್ಲಿ ಅಲ್ಲ, ಪಕ್ಕದ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ, 1995ರಲ್ಲಿ.

ಕಾಡಂಚಿನ ತಾಲ್ಲೂಕು. ಒಬ್ಬರೇ ಮೇಷ್ಟ್ರು, ಒಂದೇ ಕೋಣೆ, ಮೂರು ನಾಲ್ಕು ಕ್ಲಾಸು. ಯೂನಿಸೆಫ್ ನೆರವಿನಿಂದ ಅಲ್ಲಿನ ಪ್ರೈಮರಿ ಶಿಕ್ಷಕರ ಒಂದು ಸಣ್ಣ ತಂಡ ಆಂಧ್ರದ ಮದನಪಲ್ಲಿ ಬಳಿಯ ರಿಷಿ ವ್ಯಾಲಿಗೆ ಹೋಗಿ ಬಂತು. ಅಲ್ಲಿ ಪದ್ಮನಾಭ ರಾವ್ ಮತ್ತು ರಮಾ ದಂಪತಿ ಸುತ್ತಲ ಹಳ್ಳಿ ಶಾಲೆಗಳಿಗಾಗಿ ಪಾಠವನ್ನು ಕಾರ್ಡುಗಳಾಗಿ ಒಡೆದು, ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ್ದರು. ಕೋಟೆಯ ಮೇಷ್ಟ್ರುಗಳು ಅದನ್ನು ನೋಡಿ ನಕಲು ಹೊಡೆಯಲಿಲ್ಲ. ವಾಪಸು ಬಂದು ತಾವೇ ಕೂತು, ಕನ್ನಡಕ್ಕೆ ತಕ್ಕ ಹಾಗೆ ಯಾವ ಅಕ್ಷರ ಮೊದಲು, ಯಾವ ಲೆಕ್ಕ ಆಮೇಲೆ ಅಂತ ಗೆರೆ ಎಳೆದು, ತಮ್ಮ ಕೈಯಾರೆ ಕಾರ್ಡು ಮಾಡಿ, ಶಾಲೆಯಲ್ಲಿ ಪರೀಕ್ಷೆ ಮಾಡಿ, ತಪ್ಪಿದ್ದನ್ನು ತಿದ್ದಿದರು.

ಪಠ್ಯಕ್ರಮ ರೂಪಿಸುವುದು ಅಂದರೆ ಇದೇ. ಮಾತು ದೊಡ್ಡದು, ಕೆಲಸ ಅಂಗಡಿಯವರಿಗೆ ಗೊತ್ತಿರುವಂಥದೇ. ಯಾವ ಸಾಮಾನು ಗಿರಾಕಿಯ ಕೈಗೆ ಸಿಗುವಂತಿರಬೇಕು, ಯಾವುದು ಅಟ್ಟದ ಮೇಲಿರಬೇಕು ಎಂಬುದನ್ನು ಮಾಲು ಮಾರುವವನೇ ನಿರ್ಧರಿಸುತ್ತಾನಲ್ಲ, ಹಾಗೆ.

ತಟ್ಟೆ, ಏಣಿ, ಚಪ್ಪರ

ನಲಿ-ಕಲಿ ಕೋಣೆಗೆ ಹೊಕ್ಕರೆ ಮದುವೆ ಮನೆಯಂತೆ ಕಾಣುತ್ತದೆ. ತಲೆಯ ಮೇಲೆ ದಾರಕ್ಕೆ ಕಟ್ಟಿದ ಮಕ್ಕಳ ಚಿತ್ರಗಳ ಚಪ್ಪರ. ಗೋಡೆಯ ಮೇಲೆ ಕಲಿಕಾ ಏಣಿ. ಗೋಡೆಯ ಕೆಳಗೆ ಮಗುವಿನ ಕೈಗೆ ಎಟುಕುವ ಕಪ್ಪು ಹಲಗೆ. ಒಂದು, ಎರಡು, ಮೂರನೇ ಕ್ಲಾಸಿನ ಮಕ್ಕಳು ಬೆರೆತು 'ತಟ್ಟೆ' ಎಂಬ ಗುಂಪುಗಳಲ್ಲಿ ನೆಲದ ಮೇಲೆ ಕೂರುತ್ತಾರೆ. ಒಂದು ತಟ್ಟೆಗೆ ಮೇಷ್ಟ್ರು ಪೂರ್ತಿ ಹೇಳಿಕೊಡಬೇಕು, ಇನ್ನೊಂದಕ್ಕೆ ಅರ್ಧ, ಮತ್ತೊಂದರಲ್ಲಿ ಗೆಳೆಯರೇ ಗುರು, ಕೊನೆಯದರಲ್ಲಿ ಮಗು ತಾನೇ ಕಲಿಯುತ್ತದೆ.

ನಮ್ಮ ಸೀಮೆಗೆ ಇದರ ಬೆಲೆ ಬೇರೆಯೇ. ಮುಂಗಾರಿನಲ್ಲಿ ಆಲೂಗಡ್ಡೆ ಬಿತ್ತನೆ, ಅರಕಲಗೂಡು ಕಡೆ ಹೊಗೆಸೊಪ್ಪಿನ ಕೆಲಸ. ಮನೆಯವರೆಲ್ಲ ಹೊಲದಲ್ಲಿದ್ದರೆ ಮಗು ನಾಲ್ಕು ದಿನ ಶಾಲೆ ತಪ್ಪಿಸುತ್ತದೆ. ಹಳೆಯ ಪದ್ಧತಿಯಲ್ಲಿ ತಪ್ಪಿದ ಪಾಠ ತಪ್ಪಿದ್ದೇ. ಏಣಿ ಪದ್ಧತಿಯಲ್ಲಿ ಮಗು ಬಂದ ದಿನ ತಾನು ನಿಂತ ಮೆಟ್ಟಿಲಿನಿಂದಲೇ ಹತ್ತುತ್ತದೆ. ಪಕ್ಕದ ಮನೆಯ ಹುಡುಗ ಎರಡು ಮೆಟ್ಟಿಲು ಮೇಲಿದ್ದರೆ ಇರಲಿ ಬಿಡಿ.

ಆದರೆ ಇದನ್ನೆಲ್ಲ ನಡೆಸಬೇಕಾದರೆ ಮೇಷ್ಟ್ರಿಗೆ ಹತ್ತು ಕಣ್ಣು ಬೇಕು. ಯಾವ ಮಗು ಯಾವ ಮೈಲಿಗಲ್ಲಿನಲ್ಲಿದೆ, ಯಾವ ಕಾರ್ಡು ಯಾಕೆ ಅಲ್ಲಿದೆ ಅಂತ ಅರ್ಥವಾಗಿರಬೇಕು. ಕೋಟೆಯವರಿಗೆ ಅರ್ಥವಾಗಿತ್ತು, ಯಾಕೆಂದರೆ ಮಾಡಿದವರು ಅವರೇ. 2009-10ರಲ್ಲಿ ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳ 1 ಮತ್ತು 2ನೇ ತರಗತಿಗೆ, ಆಮೇಲೆ 3ಕ್ಕೂ ನಲಿ-ಕಲಿ ಬಂದಾಗ ಕಾರ್ಡುಗಳು ಅಚ್ಚಾಗಿ ಮೇಲಿನಿಂದ ಬಂದವು. ನಮ್ಮ ನಾಲ್ಕು ತಾಲ್ಲೂಕಿನ ಮೇಷ್ಟ್ರುಗಳ ಪಾಲಿಗೆ ಉಳಿದದ್ದು ಕೆಲವು ದಿನಗಳ ತರಬೇತಿ.

ಆ ತರಬೇತಿ ಹರಿದು ಬರುವ ದಾರಿಯನ್ನೂ ಹೇಳಬೇಕು. ರಾಜ್ಯ ಮಟ್ಟದಲ್ಲಿ ಕೆಲವರು ಕಲಿಯುತ್ತಾರೆ. ಅವರು ಜಿಲ್ಲೆಯವರಿಗೆ ಹೇಳುತ್ತಾರೆ. ಜಿಲ್ಲೆಯವರು ತಾಲ್ಲೂಕಿನ ಸಂಪನ್ಮೂಲ ವ್ಯಕ್ತಿಗಳಿಗೆ, ಅವರು ಮೇಷ್ಟ್ರಿಗೆ. ಮೇಲೆ ಗಟ್ಟಿ ಮೊಸರು, ಜಿಲ್ಲೆಗೆ ಬಂದಾಗ ಮಜ್ಜಿಗೆ, ಬ್ಲಾಕಿಗೆ ಬಂದಾಗ ನೀರು ಮಜ್ಜಿಗೆ. ಉಪ್ಪು ಹಾಕಿ ಕುಡಿಯೋದು ಮೇಷ್ಟ್ರ ಜಾಣತನ!

1986ರ ರಾಷ್ಟ್ರೀಯ ಶಿಕ್ಷಣ ನೀತಿಯ ನಂತರ ಜಿಲ್ಲೆಗೊಂದು ಡಯಟ್ ಎಂಬ ಸಂಸ್ಥೆ ಆಗಬೇಕೆಂದದ್ದೇ ಈ ದೂರ ಕಡಿಮೆ ಮಾಡಲು. ಹಾಸನದಲ್ಲೂ ಡಯಟ್ ಇದೆ. ಜಿಲ್ಲೆಯ ಶಾಲೆಗಳ ಕಷ್ಟ ನೋಡಿ ಜಿಲ್ಲೆಗೆ ಬೇಕಾದ ಪಾಠದ ಸಾಮಗ್ರಿ, ತರಬೇತಿ ಇಲ್ಲೇ ತಯಾರಾಗಲಿ ಎಂಬುದು ಮೂಲ ಆಶಯ. ಮೇಲಿನಿಂದ ಬಂದ ಮಾಡ್ಯೂಲು ಹಂಚುವುದೇ ಕೆಲಸವಾದರೆ ಅದಕ್ಕೆ ಅಂಚೆ ಆಫೀಸು ಸಾಕಿತ್ತು.

ಇಬ್ಬರಲ್ಲಿ ಒಬ್ಬರು ಹೋದರೆ?

ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಐದನೇ ತರಗತಿವರೆಗಿನ ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು. ಅಂಥ ಶಾಲೆಯಲ್ಲಿ ಒಬ್ಬರು ತರಬೇತಿಗೆ ಹೊರಟರೆ ಉಳಿದ ಒಬ್ಬರ ತಲೆಗೆ ಐದು ತರಗತಿ, ಬಿಸಿಯೂಟದ ಲೆಕ್ಕ, ಇಲಾಖೆಗೆ ಕಳಿಸಬೇಕಾದ ಮಾಹಿತಿ. ಪಾಠ ಕಲಿಸುವುದು ಹೇಗೆಂದು ಒಬ್ಬರು ಕಲಿಯುತ್ತಿರುವಾಗ ಪಾಠವೇ ನಿಂತಿರುತ್ತದೆ! ಇದರ ಜೊತೆಗೆ ಚುನಾವಣೆ ಕೆಲಸ. 2025ರ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೆ ಮನೆ ಮನೆ ತಿರುಗಿದವರೂ ಇವರೇ.

2020ರ ಹೊಸ ಶಿಕ್ಷಣ ನೀತಿ ಪ್ರತಿ ಶಿಕ್ಷಕರಿಗೂ ವರ್ಷಕ್ಕೆ 50 ಗಂಟೆ ವೃತ್ತಿ ತರಬೇತಿ ಇರಬೇಕು ಅನ್ನುತ್ತದೆ. ಅದಕ್ಕೂ ಮುಂಚೆ 2019ರಲ್ಲಿ ಕೇಂದ್ರ ಸರ್ಕಾರ 'ನಿಷ್ಠಾ' ತರಬೇತಿ ಶುರು ಮಾಡಿತ್ತು. ಕೊರೊನಾ ಬಂದ ಮೇಲೆ ಅದು ಮೊಬೈಲಿಗೆ ಇಳಿಯಿತು. ವಿಡಿಯೋ ನೋಡು, ಪ್ರಶ್ನೆಗೆ ಉತ್ತರ ಒತ್ತು, ಸರ್ಟಿಫಿಕೇಟ್ ತಗೋ. ಇದರಿಂದ ಶಾಲೆ ಬಿಟ್ಟು ಹೋಗುವ ಕಷ್ಟ ತಪ್ಪಿತು ಎಂಬುದು ನಿಜ. ಆದರೆ ಒಬ್ಬ ಮೇಷ್ಟ್ರು ಇನ್ನೊಬ್ಬರ ಕ್ಲಾಸಿನಲ್ಲಿ ಕೂತು, "ನೀವು ಈ ಕಾರ್ಡು ಹೀಗ್ಯಾಕೆ ತೋರಿಸಿದ್ರಿ?" ಅಂತ ಕೇಳೋದು ಮೊಬೈಲಿನಲ್ಲಿ ಆಗದ ಕೆಲಸ. ಕೋಟೆಯಲ್ಲಿ ಆದದ್ದು ಅದು.

ಇತ್ತ ಊರೂರಿಗೂ ಹಳದಿ ವ್ಯಾನು ಬಂದಿದೆ. ಹೊಳೆನರಸೀಪುರ ತಾಲ್ಲೂಕು ಹರದನಹಳ್ಳಿಯ ಎಚ್.ಡಿ. ಕುಮಾರಸ್ವಾಮಿ ಮುಖ್ಯಮಂತ್ರಿಯಾಗಿದ್ದಾಗ, 2019ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆಯಲಾಯಿತು. ವ್ಯಾನು ಹತ್ತುವ ಮಕ್ಕಳನ್ನು ಊರಲ್ಲೇ ಉಳಿಸಿಕೊಳ್ಳುವ ಉಪಾಯ. ಅಲ್ಲೂ ಅದೇ ಪ್ರಶ್ನೆ: ಕನ್ನಡದಲ್ಲಿ ಕಲಿತು ಕನ್ನಡದಲ್ಲಿ ಕಲಿಸಿದ ಮೇಷ್ಟ್ರು ಕೆಲವು ದಿನದ ತರಬೇತಿಯಿಂದ ಇಂಗ್ಲಿಷಿನಲ್ಲಿ ಪಾಠ ಕಟ್ಟುವುದು ಹೇಗೆ? ಮಕ್ಕಳ ಸಂಖ್ಯೆ ಕುಸಿದರೆ ಶಾಲೆಯೇ ಪಕ್ಕದೂರಿನ ಶಾಲೆಯಲ್ಲಿ ವಿಲೀನ. ಆಮೇಲೆ ತರಬೇತಿ ಯಾರಿಗೆ?

ಜೂನ್‌ಗೆ ಮುಂಚೆ, ಬೇಸಿಗೆ ರಜೆಯ ಕೊನೆಯಲ್ಲಿ ತರಬೇತಿ ಮುಗಿಸಿದರೆ ಶಾಲೆಯ ದಿನ ಉಳಿಯುತ್ತದೆ, ಆದರೆ ರಜೆ ಕಳೆದುಕೊಂಡ ಮೇಷ್ಟ್ರಿಗೆ ಬದಲಿ ಗಳಿಕೆ ರಜೆ ಕೊಡಬೇಕು. ಇನ್ನೊಂದು ದಾರಿ ಕ್ಲಸ್ಟರ್ ಸಭೆ. ಅದು ಹೊಸದಾಗಿ ಹುಟ್ಟಬೇಕಿಲ್ಲ. ಸುತ್ತಲ ಹತ್ತಾರು ಶಾಲೆಯ ಮೇಷ್ಟ್ರುಗಳು ಒಂದೆಡೆ ಸೇರುವ ಆ ದಿನ ಸುತ್ತೋಲೆ ಓದುವುದರಲ್ಲೇ ಕಳೆಯದೆ, ತಮ್ಮ ಮಕ್ಕಳಿಗೆ ಹೊಂದದ ಕಾರ್ಡನ್ನು ತಾವೇ ಬದಲಿಸಿ ಬರೆಯುವ ಅಧಿಕಾರ ಸಿಕ್ಕರೆ ಬೇರೆ ಖರ್ಚಿಲ್ಲ. ಡ್ರಾಯಿಂಗ್ ಶೀಟು, ಸ್ಕೆಚ್ ಪೆನ್ನು ಸಾಕು.

ಅಂದಹಾಗೆ, ನಲಿ-ಕಲಿ ಕೋಣೆಯ ಗೋಡೆಯ ಮೇಲೆ 'ಪ್ರಗತಿ ನೋಟ' ಅಂತ ಒಂದು ಪಟ್ಟಿ ಇರುತ್ತದೆ. ಪ್ರತಿ ಮಗುವಿನ ಹೆಸರು, ಅದು ದಾಟಿದ ಮೈಲಿಗಲ್ಲು. ಅದು ಗುಟ್ಟಿನ ಕಾಗದವಲ್ಲ. ಎಸ್.ಡಿ.ಎಂ.ಸಿ. ಸಭೆಗೆ ಹೋದ ಯಾವ ತಂದೆತಾಯಿಯಾದರೂ ಎದ್ದು ನಿಂತು, ತಮ್ಮ ಮಗು ಎಷ್ಟನೇ ಮೆಟ್ಟಿಲಲ್ಲಿದೆ, ಅಲ್ಲಿ ಎಷ್ಟು ದಿನದಿಂದ ನಿಂತಿದೆ ಅಂತ ಬೆರಳಿಟ್ಟು ಕೇಳಬಹುದು.