ನೀರು ನಿಂತ ಮೂಲೆ

ಅವ್ವ ಬಚ್ಚಲ ಬಾಗಿಲಲ್ಲಿ ನಿಂತು ಒಂದು ತಂಬಿಗೆ ನೀರು ಸುರುವಿದಳು. ಹೊಸ ಟೈಲ್ಸಿನ ಮೇಲೆ ನೀರು ತೆಳ್ಳಗೆ ಹರಡಿತು. ಜಾಲಿಯ ಕಡೆ ಎರಡು ಗೇಣು ಹೋಯಿತು. ಅಲ್ಲಿಂದ ಮುಂದೆ ಹೋಗಲಿಲ್ಲ. ಮೆಲ್ಲಗೆ ಹಿಂದಕ್ಕೆ ತಿರುಗಿ ಹೊಸ್ತಿಲ ಪಕ್ಕದ ಎಡಮೂಲೆಗೆ ಬಂದು ನಿಂತುಬಿಟ್ಟಿತು. ಮೇಲಿನ ಬಲ್ಬು ಅದರಲ್ಲಿ ಪೂರ್ತಿಯಾಗಿ ಕಾಣುತ್ತಿತ್ತು.

“ನೋಡವಾ, ಇಲ್ಲೇ ಬರ್ತಾವು, ಇಲ್ಲೇ ನಿಂದರ್ತಾವು. ದಿನಾ ಮುಂಜಾನೆ ಅರಿವಿ ಹಿಂಡಿ ಹಿಂಡಿ ನನ್ನ ರಟ್ಟಿ ಬಿದ್ದು ಹೋಗ್ಯಾವು,” ಎಂದಳು. ಮೂಲೆಯಲ್ಲಿ ಅವಳ ಹಳೆಯ ಇಲಕಲ್ ಸೀರೆಯ ತುಂಡೊಂದು ಮಡಚಿಕೊಂಡು ಬಿದ್ದಿತ್ತು. ಕೆಲಸ ಮುಗಿದು ಆಗ ಹದಿನೈದು ದಿನವೂ ಆಗಿರಲಿಲ್ಲ.

ಹಳೆಯ ಬಚ್ಚಲು ಚೆಂದವಿತ್ತು ಎಂದು ನಾನು ಹೇಳುವುದಿಲ್ಲ. ಲಕ್ಕುಂಡಿಯ ನಮ್ಮ ಮನೆಯ ಹಿಂಬದಿಗೆ ಇದ್ದ ಆ ಕೋಣೆಯಲ್ಲಿ ಹಗಲಿಗೂ ಕತ್ತಲೆ. ಒಂದು ಮೂಲೆಗೆ ಹೂತ ತಾಮ್ರದ ಹಂಡೆ. ಒಲೆಯ ಬಾಯಿ ಹಿತ್ತಿಲ ಕಡೆಗೆ, ಅದಕ್ಕೆ ತುರುಕಲು ಹತ್ತಿಕಟ್ಟಿಗೆಯ ಹೊರೆ. ನಡುವೆ ಒಂದು ಅಗಲವಾದ ಕಲ್ಲು. ಅದರ ಮೇಲೆ ಕುಳಿತು ನಾವು ಮೂರು ತಲೆಮಾರು ಎಣ್ಣೆ ಹಚ್ಚಿ ಎರೆದುಕೊಂಡಿದ್ದೇವೆ. ಕಲ್ಲಿನ ಮೇಲೆ ಬಿದ್ದ ನೀರು ಯಾರೂ ಹೇಳದೆಯೇ ಮೋರಿಗೆ, ಮೋರಿಯಿಂದ ಹಿತ್ತಿಲ ಬಾಳೆಯ ಬುಡಕ್ಕೆ ಹೋಗುತ್ತಿತ್ತು. ಆದರೆ ಅವ್ವನ ಮೊಣಕಾಲು ಮಡಚದಂತಾದವು. ನೆಲಕ್ಕೆ ಕುಳಿತರೆ ಏಳಲಾಗದು. ಕಮೋಡ್ ಬೇಕು, ಹಿಡಿದು ನಿಲ್ಲಲು ಗೋಡೆಗೆ ಸ್ಟೀಲಿನ ಹಿಡಿಕೆ ಬೇಕು, ಜಾರದ ನೆಲ ಬೇಕು ಎಂದು ಡಾಕ್ಟರು ಹೇಳಿದರು. ಜಾರಬಾರದೆಂದು ಮಾಡಿಸಿದ ನೆಲದ ಬಾಗಿಲಲ್ಲೇ ನೀರು ನಿಲ್ಲುತ್ತಿದ್ದರೆ ಹೊಟ್ಟೆಯೊಳಗೆ ಹೇಗಾಗಬೇಡ? ನಾನಿರುವುದು ಧಾರವಾಡದಲ್ಲಿ, ಅವಳಿರುವುದು ಇಲ್ಲಿ, ಒಬ್ಬಳೇ.

ಲಕ್ಕುಂಡಿಯಲ್ಲಿ ಬಚ್ಚಲು ಒಡೆಯುವುದು ಬೇರೆ ಊರಿನಷ್ಟು ಸಲೀಸಲ್ಲ. ಗದಗಿನಿಂದ ಹನ್ನೆರಡು ಕಿಲೋಮೀಟರ್ ಆಸುಪಾಸಿನ ಈ ಊರು ಶಾಸನಗಳ ಲೊಕ್ಕಿಗುಂಡಿ. ಅತ್ತಿಮಬ್ಬೆ 1007ರಲ್ಲಿ ಬ್ರಹ್ಮ ಜಿನಾಲಯ ಕಟ್ಟಿಸಿದ್ದು ಇಲ್ಲೇ. ಯಾವ ಓಣಿ ಹೊಕ್ಕರೂ ಒಂದು ಗುಡಿಯ ಬೆನ್ನು ಕಾಣುತ್ತದೆ. ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ವಲಯ, ಅದರಾಚೆ ಮತ್ತೆ 200 ಮೀಟರ್ ನಿಯಂತ್ರಿತ ವಲಯ. 2010ರ ತಿದ್ದುಪಡಿಯ ನಂತರ ಈ ಅಳತೆಯೊಳಗಿನ ಹಳೆಯ ಮನೆಯ ದುರಸ್ತಿಗೂ ಅನುಮತಿ ಕೇಳಬೇಕು. ನಮ್ಮ ಮನೆ ಅದರೊಳಗೇ ಬರುತ್ತದೆ. ಅರ್ಜಿ, ನಕ್ಷೆ, ಫೋಟೋ ಎಂದು ಓಡಾಡುವುದರಲ್ಲೇ ತಿಂಗಳುಗಳು ಹೋದವು. ನಿಯಮ ಇರಬೇಕಾದ್ದೇ, ಅದರ ಬಗ್ಗೆ ನನಗೆ ತಕರಾರಿಲ್ಲ. ಆದರೆ ಅನುಮತಿ ಕೈಗೆ ಬಂದಾಗ ನಮಗೆ ಅವಸರ ಹತ್ತಿತ್ತು. ಆ ಅವಸರದಲ್ಲಿ, ನಾಳೆಯೇ ಬರುತ್ತೇನೆ ಎಂದವನಿಗೆ ಕೆಲಸ ಒಪ್ಪಿಸಿದೆವು.

ಹಳೆಯ ಕಲ್ಲು ಎಬ್ಬಿಸಿದ ದಿನ ನಾನು ಅಲ್ಲೇ ಇದ್ದೆ. ನಾಲ್ಕು ಜನ ಹಾರೆ ಹಾಕಿ ಅದನ್ನು ಮಗುಚಿದಾಗ ಓಣಿಯ ಅರ್ಧ ಜನ ಬಾಗಿಲಲ್ಲಿದ್ದರು. 2024ರ ನವೆಂಬರಿನಲ್ಲಿ ಸರಕಾರದವರು ಊರ ತುಂಬ ತಿರುಗಿ, ಗೋಡೆಯಲ್ಲಿ ಕಟ್ಟಿಯಲ್ಲಿ ಹಿತ್ತಿಲಲ್ಲಿ ಬಿದ್ದಿದ್ದ ಶಿಲ್ಪ, ಶಾಸನಗಳನ್ನು ಕೂಡಿಸಿದ ಮೇಲೆ ಇಲ್ಲಿ ಯಾರೂ ಕಲ್ಲನ್ನು ಬರಿಯ ಕಲ್ಲೆಂದು ನೋಡುವುದಿಲ್ಲ. ಅವ್ವ ಸೆರಗಿನಿಂದಲೇ ಅದರ ಅಡಿಮೈಯ ಕೆಸರು ಒರೆಸಿದಳು. ಅಕ್ಷರ ಇರಲಿಲ್ಲ, ಬಳ್ಳಿ ಇರಲಿಲ್ಲ, ಸಾಲಾಗಿ ಉಳಿಯೇಟಿನ ಗುರುತಷ್ಟೇ. ಅದನ್ನು ಹಿತ್ತಿಲ ಗೋಡೆಗೆ ಆನಿಸಿ ಇಟ್ಟೆವು. ನಾನು ಧಾರವಾಡಕ್ಕೆ ಹಿಂತಿರುಗಿದೆ. ಒಂಬತ್ತು ದಿನಕ್ಕೆ “ಮುಗೀತ್ರೀ ಅಕ್ಕಾರ, ಬಾಕಿ ಹಾಕ್ರಿ” ಎಂದು ಫೋನು ಬಂತು. ಫೋಟೋದಲ್ಲಿ ಎಲ್ಲ ಬೆಳ್ಳಗೆ ಹೊಳೆಯುತ್ತಿತ್ತು. ಹಣ ಹಾಕಿದೆ. ನಾನು ಮಾಡಿದ ದೊಡ್ಡ ತಪ್ಪು ಅದು.

ಫೋಟೋದಲ್ಲಿ ಕಾಣದ್ದು ಕಾಲಿಟ್ಟ ಕೂಡಲೇ ಗೊತ್ತಾಗುತ್ತದೆ. ಜಾಲಿ ಸುತ್ತಲಿನ ಟೈಲ್ಸಿಗಿಂತ ಕಾಲಿಂಚು ಮೇಲೆ ಕುಳಿತಿತ್ತು. ಕಮೋಡಿನ ಹಿಂದೆ ಟೈಲ್ಸು ಕತ್ತರಿಸಿದ ಅಂಚು ಇಲಿ ಕಡಿದಂತಿತ್ತು, ಆ ಸಂದಿಯಲ್ಲಿ ನನ್ನ ಕಿರುಬೆರಳು ಹೋಗುತ್ತಿತ್ತು. ನಳದ ಬುಡದ ಸ್ಟೀಲ್ ಬಿಲ್ಲೆ ಗೋಡೆಗೆ ಕೂಡದೆ ಹೊರಗೆ ಜೋಲುತ್ತಿತ್ತು. ಹಿಡಿಕೆಯ ಒಂದು ಸ್ಕ್ರೂ ತಿರುಗಿಸಿದಷ್ಟೂ ತಿರುಗುತ್ತಿತ್ತು. ಅವ್ವ ಇಡೀ ಭಾರ ಹಾಕಿ ಏಳುವುದು ಅದನ್ನೇ ಹಿಡಿದು. ಅಡಿಗೆಮನೆಯ ಕಡೆಯ ಗೋಡೆ ಮೊಳದೆತ್ತರ ತಣ್ಣಗಾಗಿತ್ತು. ಕೈ ಆಡಿಸಿದರೆ ಗಿಲಾವು ಹಿಟ್ಟಿನಂತೆ ಉದುರಿತು. ರಾತ್ರಿಯಾದರೆ ಗಟಾರದ ವಾಸನೆ ನಡುಮನೆಯವರೆಗೂ ಬರುತ್ತಿತ್ತು.

ಇವೆಲ್ಲ ಬೇರೆಬೇರೆ ರೋಗವಲ್ಲ ಎಂದು ನನಗೆ ತಿಳಿದದ್ದು ಆಮೇಲೆ. ನಮ್ಮದು ಎರೆ ಭೂಮಿ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಹಂಡೆ ಕಿತ್ತ ಗುಂಡಿಗೆ ಅವರು ಒಡೆದ ಗಚ್ಚು, ಎರೆ ಮಣ್ಣು ಎರಡನ್ನೂ ತುಂಬಿ, ದಮ್ಮಸ್ಸು ಮಾಡದೆ ಮೇಲೆ ಕಾಂಕ್ರೀಟು ಎಳೆದಿದ್ದರು. ಆ ಮೂಲೆ ಕುಸಿಯಿತು, ನೀರು ಅಲ್ಲಿಗೇ ಬಂತು. ಗೌಂಡಿಗಳು ವಾಟ ಎನ್ನುವ ಇಳಿಜಾರು ಎಂಬತ್ತಕ್ಕೆ ಒಂದರಂತಾದರೂ ಇರಬೇಕು. ನಮ್ಮ ಬಚ್ಚಲು ಏಳಡಿ ಉದ್ದ, ಅಂದರೆ ಆ ತುದಿಯಿಂದ ಈ ತುದಿಗೆ ಒಂದಿಂಚು. ಆ ಒಂದಿಂಚನ್ನು ಯಾರೂ ಅಳೆದಿರಲಿಲ್ಲ. ಪೈಪು ನೆಲ ಹೊಕ್ಕ ಕಡೆ, ಗೋಡೆ ನೆಲ ಕೂಡಿದ ಕಡೆ ವಾಟರ್‌ಪ್ರೂಫಿಂಗ್ ಬಳಿದಿರಲಿಲ್ಲ. ಡಬ್ಬಿ ಮಾತ್ರ ತಂದದ್ದು ಖರೆ, ಅರ್ಧ ತುಂಬಿದ ಅದು ಹಿತ್ತಿಲಲ್ಲಿ ಸಿಕ್ಕಿತು. ನಹಾನಿ ಟ್ರ್ಯಾಪಿನಲ್ಲಿ ಸದಾ ಎರಡು ಇಂಚಿನಷ್ಟು ನೀರು ನಿಂತಿರಬೇಕು, ಆ ನೀರೇ ವಾಸನೆಗೆ ಬಾಗಿಲು. ನಮ್ಮದರಲ್ಲಿ ಟ್ರ್ಯಾಪೇ ಇರಲಿಲ್ಲ, ನೆಟ್ಟಗೆ ಪೈಪು.

ಕೆಲಸ ಹಿಡಿದವನನ್ನು ಕರೆಸಿದೆ. ಬಂದ, ನೋಡಿದ. “ಹೊಸಾದೈತ್ರೀ, ಒಣಗಿದ ಮ್ಯಾಲ ಕೂಡ್ತೈತಿ,” ಎಂದ. ಸಿಟ್ಟು ಮಾಡಲಿಲ್ಲ, ಚಹಾ ಕುಡಿದು ಹೋದ. ಮರುದಿನ ಒಬ್ಬ ಹುಡುಗ ಬಂದು ಬಿಳಿ ಸಿಮೆಂಟು ಕಲಸಿ ಸಂದಿಗೆಲ್ಲ ಬಳಿದ. ಅವನಿಗೆ ಹದಿನೆಂಟೋ ಹತ್ತೊಂಬತ್ತೋ ಇರಬೇಕು. “ನಿನಗ ಯಾರರ ಕಲಿಸ್ಯಾರೇನೋ ತಮ್ಮಾ?” ಎಂದು ಅವ್ವ ಕೇಳಿದರೆ “ನೋಡಿ ನೋಡಿ ಕಲತೇನ್ರಿ ಯವ್ವಾ” ಎಂದ. ಆ ಹುಡುಗನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವನಿಗೆ ದಿನಗೂಲಿ, ಮುಂದಿನ ಮನೆಗೆ ಹೋಗುವ ಗಡಿಬಿಡಿ. ಪಕ್ಕದಲ್ಲಿ ನಿಂತು ಇಲ್ಲಿ ರಸಮಟ್ಟ ಇಡು, ಇಲ್ಲಿ ನೀರು ಬಿಟ್ಟು ನೋಡು ಎನ್ನುವ ಹಿರಿಯ ಕೈ ಅವನ ಬಳಿ ಇಲ್ಲ. ತಿಂಗಳೊಪ್ಪತ್ತಿನಲ್ಲಿ ಬಿಳಿ ಸಿಮೆಂಟು ಪಕಳೆ ಪಕಳೆಯಾಗಿ ಎದ್ದಿತು. ಕೆಲಸ ಹಿಡಿದವನು ಫೋನು ಎತ್ತುವುದನ್ನು ಬಿಟ್ಟ.

ವಕೀಲಿ ಮಾಡುವ ಗೆಳತಿಯನ್ನು ಕೇಳಿದೆ. ದಾರಿಯಿದೆ ಎಂದಳು. ಮನೆ ಕಟ್ಟಿಕೊಡುವುದೂ ಗ್ರಾಹಕನಿಗೆ ಕೊಡುವ ಸೇವೆಯೇ ಎಂದು ಸುಪ್ರೀಂ ಕೋರ್ಟು 1993ರಲ್ಲೇ ಹೇಳಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಗದಗಿನ ಜಿಲ್ಲಾ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು, ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. “ಕರಾರುಪತ್ರ ತಗೊಂಡು ಬಾ, ಬಿಲ್ ತಗೊಂಡು ಬಾ,” ಎಂದಳು. ಹಣದ್ದಷ್ಟೇ ಫೋನಿನಲ್ಲಿ ಗುರುತಿತ್ತು. ಏನು ಕೆಲಸ, ಯಾವ ಸಾಮಾನು, ಎಷ್ಟು ದಿನ, ಕೆಟ್ಟರೆ ಯಾರು ಹೊಣೆ ಎಂಬುದೆಲ್ಲ ಕಟ್ಟಿಯ ಮೇಲೆ ಕೂತು ಆಡಿದ ಬಾಯಿಮಾತು. ಒಂದು ಹಾಳೆಯ ಮೇಲೆ ಆರು ಸಾಲು ಬರೆದು ಇಬ್ಬರೂ ಸಹಿ ಹಾಕಿದ್ದರೆ ಸಾಕಿತ್ತು. ನೋಟೀಸು ಕಳಿಸಿ, ಅದು ಹೋಗುವ ದಾರಿಯಲ್ಲಿ ಹೋಗಲಿ ಎಂದು ಬಿಟ್ಟೆ. ಅವ್ವನ ಕಾಲು ಅಷ್ಟು ದಿನ ಕಾಯುವಂತಿರಲಿಲ್ಲ.

ಆ ಸಂಜೆ ಮಾಣಿಕೇಶ್ವರ ಗುಡಿಯ ಮಗ್ಗುಲಿನ ಮುಸುಕಿನ ಬಾವಿಗೆ ಹೋಗಿ ಕುಳಿತೆ. ಮೆಟ್ಟಿಲು ಮೂರು ಕಡೆಯಿಂದ ಇಳಿಯುತ್ತವೆ, ನಡುನಡುವೆ ಗೋಡೆಯಲ್ಲಿ ಪುಟ್ಟ ಪುಟ್ಟ ಗುಡಿಗಳು. ಕಲ್ಲಿಗೆ ಕಲ್ಲು ಕೂಡಿದ ಸಂದಿಗೆ ಉಗುರು ತಾಗಿಸಿ ನೋಡಿದೆ. ಈ ಊರಿಗೆ ನೂರೊಂದು ಗುಡಿ, ನೂರೊಂದು ಬಾವಿ ಎನ್ನುತ್ತಾರೆ. ಕನ್ನೆರ ಬಾವಿ, ಚಟೇರ ಬಾವಿ ಎಂದು ಹೆಸರು ಹಿಡಿದು ತೋರಿಸುವಂಥವು ಕೆಲವೇ. ಉಳಿದವು ಎಲ್ಲಿ? ಹೂಳು ತುಂಬಿದವು, ಮನೆ ಕಟ್ಟುವಾಗ ಮುಚ್ಚಿದವು ಇರಬೇಕು, ಕೆಲಸ ಗಟ್ಟಿಯಿಲ್ಲದೆ ಕುಸಿದವೂ ಇರಬೇಕು. ಆ ಕಾಲದಲ್ಲೂ ಕೆಟ್ಟ ಗೌಂಡಿ ಇದ್ದಾನು. ಆದರೆ ಈ ಮೆಟ್ಟಿಲು ಜೋಡಿಸಿದವನು ನೀರು ಇಳಿದ ಮೇಲೆ ಮಾತ್ರ ಕಾಣುವ ಕೆಳಗಿನ ಸಾಲನ್ನೂ ಮೇಲಿನ ಸಾಲಿನಷ್ಟೇ ನೇರ ಇಟ್ಟಿದ್ದಾನೆ. ನನಗೆ ಅವನ ಮೇಲೆ ಹೇಳತೀರದ ಗೌರವ ಬಂತು.

ಓಣಿಯ ಹಿರಿಯರೊಬ್ಬರು ಒಬ್ಬ ಗೌಂಡಿ ಕಾಕಾನನ್ನು ಕರೆತಂದರು. ವಯಸ್ಸು ಅರವತ್ತೈದರ ಮೇಲೆ, ಬೆರಳುಗಳಲ್ಲಿ ಸುಣ್ಣ ತಿಂದ ಬಿರುಕು. ಬಂದವರು ಏನೂ ಅಳೆಯಲಿಲ್ಲ. ಜೇಬಿನಿಂದ ಒಂದು ರೂಪಾಯಿ ನಾಣ್ಯ ತೆಗೆದು ನೆಲಕ್ಕೆ ಕುಕ್ಕರಗಾಲಲ್ಲಿ ಕುಳಿತು ಒಂದೊಂದೇ ಟೈಲ್ಸಿನ ಮೇಲೆ ಬಡಿಯತೊಡಗಿದರು. ಟಣ್. ಟಣ್. ಬೊದ್. ಬೊದ್ ಎಂದ ಕಡೆ ಬಳಪದಿಂದ ಒಂದು ಗುಣಾಕಾರ ಚಿಹ್ನೆ. ಮೂವತ್ತೈದರಲ್ಲಿ ಹತ್ತೊಂಬತ್ತಕ್ಕೆ ಗುರುತು ಬಿತ್ತು. ಒಂದನ್ನು ಉಳಿಯಿಂದ ಮೀಟಿದರೆ ಹಪ್ಪಳದಂತೆ ಇಡಿಯಾಗಿ ಎದ್ದು ಬಂತು. ಅಡಿಯಲ್ಲಿ ನಾಲ್ಕು ಮೂಲೆಗೆ ನಾಲ್ಕು, ನಡುವೆ ಒಂದು ಉಂಡೆ ಸಿಮೆಂಟು, ಉಳಿದದ್ದೆಲ್ಲ ಪೊಳ್ಳು. ಅಲ್ಲಿ ನೀರು ನಿಂತು ಹುಳಿತಿತ್ತು.

“ಅವ್ವಾರ, ಮ್ಯಾಲ ತ್ಯಾಪಿ ಹಾಕೋದು ಬ್ಯಾಡ್ರಿ. ಪೂರಾ ತಗೀಬೇಕು,” ಎಂದರು.

“ತಗೀರಿ ಕಾಕಾ,” ಎಂದೆ ನಾನು. ಈ ಸಲ ರಜೆ ಹಾಕಿದ್ದೆ, ಆರು ಸಾಲಿನ ಹಾಳೆಯನ್ನೂ ಬರೆದಿದ್ದೆ. ಅವರು ಓದಿಸಿ ಕೇಳಿ ಸಹಿ ಮಾಡಿದರು.

ಎರೆ ಮಣ್ಣು ಬಗೆದು ತೆಗೆಯುವುದಕ್ಕೇ ಎರಡು ದಿನ. ಗರಸು ಹಾಕಿ, ನೀರು ಹೊಡೆದು, ದಮ್ಮಸ್ಸು ಮಾಡಿ, ಮತ್ತೆ ಗರಸು. ಕಾಂಕ್ರೀಟಿಗೆ ಹೊತ್ತು ಹೊತ್ತಿಗೆ ನೀರುಣಿಸುವ ಕೆಲಸ ಅವ್ವನದು, ಅದನ್ನು ಅವಳು ತುಳಸಿಗೆ ನೀರೆರೆದಷ್ಟು ಶ್ರದ್ಧೆಯಿಂದ ಮಾಡಿದಳು. ಆಮೇಲೆ ನೆಲಕ್ಕೂ ಗೋಡೆಗೆ ಎರಡಡಿಯವರೆಗೂ ವಾಟರ್‌ಪ್ರೂಫಿಂಗಿನ ಎರಡು ಲೇಪ. ಅದು ಒಣಗಿದ ಮೇಲೂ ಕಾಕಾ ಟೈಲ್ಸಿನ ಪೆಟ್ಟಿಗೆ ಮುಟ್ಟಲಿಲ್ಲ. ಪೈಪಿನ ಬಾಯಿಗೆ ಅರಿವಿ ತುರುಕಿ ಮುಚ್ಚಿ, ಹೊಸ್ತಿಲಿಗೆ ಮಣ್ಣಿನ ಒಡ್ಡು ಕಟ್ಟಿ, ಕೊಡಗಟ್ಟಲೆ ನೀರು ತುಂಬಿಸಿದರು. ಕಣ್ಣು ಕಿರಿದು ಮಾಡಿ ನೀರಿನ ಅಂಚಿಗೆ ಸರಿಯಾಗಿ ಗೋಡೆಯ ಮೇಲೆ ಬಳಪದಿಂದ ಒಂದು ಗೆರೆ ಎಳೆದು, “ನಾಳೆ ಇಷ್ಟೊತ್ತಿಗೆ ನೋಡೂಣು,” ಎಂದು ಕೈ ತೊಳೆದುಕೊಂಡು ಹೋದರು.

ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಎರಡು ಗಂಟೆಗೊಮ್ಮೆ ಎದ್ದು ಬ್ಯಾಟರಿ ಬಿಟ್ಟು ನೋಡಿದೆ. ಬೆಳಗಿನ ಜಾವ ಹೋದಾಗ ಅವ್ವ ಆಗಲೇ ಅಲ್ಲಿದ್ದಳು, ಬಾಗಿಲ ಚೌಕಟ್ಟು ಹಿಡಿದು ಬಗ್ಗಿ. ಅಡಿಗೆಮನೆಯ ಕಡೆಯ ಗೋಡೆ ಮುಟ್ಟಿ ಬಂದೆ. ಒಣಗಿತ್ತು.

“ಎಲ್ಲೈತಿ ಗೆರಿ? ನನಗ ಕಾಣವಲ್ದು,” ಎಂದಳು ಅವ್ವ.

ಬೆಳಕು ಹತ್ತಿರ ಹಿಡಿದೆ. ನೀರು ಅಲುಗದೆ ನಿಂತಿತ್ತು, ಬಳಪದ ಗೆರೆಗೆ ತಾಗಿಕೊಂಡೇ.