ಬಾವಿಯ ನೀರು ಕೆಟ್ಟಾಗ ವಕೀಲರ ಬಳಿಗೆ ಏನನ್ನು ಒಯ್ಯಬೇಕು?

ಕಾರ್ಖಾನೆಯ ಕಲ್ಮಷ ನೀರು ಹಳ್ಳಕ್ಕೆ ಇಳಿದು, ಹಳ್ಳದ ಪಕ್ಕದ ಬಾವಿಗಳು ಕೆಡುವುದು ಈಗ ಅಪರೂಪದ ಸಂಗತಿಯಲ್ಲ. ಮೊದಲು ನೀರಿನ ಬಣ್ಣ ತಿರುಗುತ್ತದೆ. ಆಮೇಲೆ ಬೆಳೆಯ ಎಲೆಯಂಚು ಸುಡುತ್ತದೆ. ದನಗಳು ಮೂಸಿ ಹಿಂದೆ ಸರಿಯುತ್ತವೆ. ರೈತರು ಪಂಚಾಯಿತಿಗೆ ಹೇಳುತ್ತಾರೆ, ತಹಸೀಲ್ದಾರರಿಗೆ ಅರ್ಜಿ ಕೊಡುತ್ತಾರೆ. ವಕೀಲರ ನೆನಪು ಬರುವುದು ಎಲ್ಲಕ್ಕಿಂತ ಕೊನೆಗೆ. ಅಷ್ಟರಲ್ಲಿ ವಾಯಿದೆ ಮೀರಿರುವುದೇ ಹೆಚ್ಚು.

ಪರಿಸರದ ಮೊಕದ್ದಮೆಗಳನ್ನು ನಡೆಸುವ ವಕೀಲರು ಕಕ್ಷಿದಾರರನ್ನು ಕೇಳುವ ಮೊದಲ ಪ್ರಶ್ನೆ "ಎಷ್ಟು ನಷ್ಟವಾಯಿತು?" ಎಂಬುದಲ್ಲ, "ಯಾವಾಗಿನಿಂದ?" ಎಂಬುದು. 2010ರ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕಾಯಿದೆಯ ಪ್ರಕಾರ, ಮಾಲಿನ್ಯ ನಿಲ್ಲಿಸುವಂತೆ ಕೇಳುವ ಅರ್ಜಿಯನ್ನು ತಂಟೆ ಮೊದಲು ಉದ್ಭವಿಸಿದ ದಿನದಿಂದ 6 ತಿಂಗಳೊಳಗೆ ಸಲ್ಲಿಸತಕ್ಕದ್ದು. ನಷ್ಟ ಪರಿಹಾರ ಕೇಳುವುದಾದರೆ 5 ವರ್ಷಗಳ ಅವಧಿ ಇದೆ. ಸಕಾರಣವಿದ್ದರೆ ಎರಡಕ್ಕೂ ಹೆಚ್ಚೆಂದರೆ 60 ದಿನಗಳ ರಿಯಾಯಿತಿ, ಅದರಾಚೆಗೆ ಇಲ್ಲ. "ಮಾತನಾಡಿ ಸರಿ ಮಾಡೋಣ" ಎಂಬ ಊರ ಹಿರಿಯರ ಸಮಾಧಾನದಲ್ಲಿ 6 ತಿಂಗಳು ಕಳೆಯುವುದು ಬಲು ಸುಲಭ. ಮಾತುಕತೆ ನಡೆಯಲಿ, ಆದರೆ ತಾರೀಖಿನ ಲೆಕ್ಕ ತಪ್ಪಬಾರದು.

ತಾಲ್ಲೂಕಿನ ಸಿವಿಲ್ ಕೋರ್ಟಿನಲ್ಲಿ ದಾವೆ ಹೂಡಬಾರದೇ ಎಂದು ಕೇಳುವವರುಂಟು. ಹಸಿರು ನ್ಯಾಯಮಂಡಳಿಯ ವ್ಯಾಪ್ತಿಗೆ ಬರುವ ಇಂತಹ ವಿಷಯಗಳನ್ನು ವಿಚಾರಿಸುವ ಅಧಿಕಾರವನ್ನು ಅದೇ ಕಾಯಿದೆ ಸಿವಿಲ್ ಕೋರ್ಟುಗಳಿಂದ ತೆಗೆದುಹಾಕಿದೆ. ನಮ್ಮ ರಾಜ್ಯದ ರೈತರಿಗೆ ಸಂಬಂಧಿಸಿದ ಪೀಠ ಚೆನ್ನೈಯಲ್ಲಿದೆ. ದೂರವೆಂಬುದು ನಿಜ. ಆದರೆ ಅರ್ಜಿಯನ್ನು ಗಣಕಯಂತ್ರದ ಮೂಲಕವೇ ಸಲ್ಲಿಸಲು ಬರುತ್ತದೆ, ವಿಡಿಯೋ ಮೂಲಕ ವಾದಿಸಲೂ ಅವಕಾಶವಿದೆ. ಪರಿಹಾರ ಕೇಳದ ಅರ್ಜಿಗೆ ಶುಲ್ಕ 1,000 ರೂಪಾಯಿ. ಪರಿಹಾರ ಕೇಳಿದರೆ ಆ ಮೊತ್ತದ ಶೇಕಡಾ 1, ಆದರೆ 1,000 ರೂಪಾಯಿಗೆ ಕಡಿಮೆ ಇಲ್ಲ. ಬಡತನ ರೇಖೆಗಿಂತ ಕೆಳಗಿನವರಿಗೆ ಶುಲ್ಕವೇ ಇಲ್ಲ. ವಕೀಲರ ಫೀಸಿನ ಮಾತು ಬೇರೆ. ಅದನ್ನು ಮೊದಲೇ ಆಡಿ ಮುಗಿಸುವುದು ಇಬ್ಬರಿಗೂ ಕ್ಷೇಮ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಆದಾಯ ಎಷ್ಟೇ ಇದ್ದರೂ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಉಚಿತ ನೆರವು ಕೇಳಬಹುದು.

ಮೊಕದ್ದಮೆಯ ಬಲವೆಲ್ಲ ಇರುವುದು ನೀರಿನ ಮಾದರಿಯಲ್ಲಿ. ಶುಭ್ರವಾದ ಬಾಟಲಿಯನ್ನು ಅದೇ ಬಾವಿಯ ನೀರಿನಿಂದ ಎರಡು ಮೂರು ಸಲ ತೊಳೆದು, ತುಂಬಿಸಿ, ಸರ್ವೆ ನಂಬರು, ದಿನ, ಹೊತ್ತು ಬರೆದ ಚೀಟಿ ಅಂಟಿಸಿ ತಡಮಾಡದೆ ಪ್ರಯೋಗಶಾಲೆಗೆ ಮುಟ್ಟಿಸಬೇಕು. ಕೆಟ್ಟ ಬಾವಿಯ ನೀರೊಂದೇ ಸಾಲದು. ಕಾರ್ಖಾನೆಗಿಂತ ಮೇಲ್ಭಾಗದ, ಕಲ್ಮಷ ತಾಗದ ಬಾವಿಯ ನೀರನ್ನೂ ಅದೇ ದಿನ ಪರೀಕ್ಷೆಗೆ ಕೊಡಬೇಕು. ಇಲ್ಲವಾದರೆ "ಈ ಸೀಮೆಯ ನೀರೇ ಸವುಳು" ಎಂದು ಎದುರು ಪಕ್ಷದವರು ವಾದಿಸುತ್ತಾರೆ, ಅದಕ್ಕೆ ಉತ್ತರ ಇರುವುದಿಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಲಿಯ ವರ್ಗೀಕರಣದಲ್ಲಿ ನೀರಾವರಿ ನೀರಿನ ವಿದ್ಯುದ್ವಾಹಕತೆ 2,250 ಮೈಕ್ರೋಮೋಸ್ ಮೀರಬಾರದು. ವರದಿ ಬಂದಾಗ ಮೊದಲು ಆ ಅಂಕಿಯನ್ನು ನೋಡಿರಿ.

ಕಾರ್ಖಾನೆಯಿಂದ ಹೊರಬೀಳುವ ನೀರಿನ ಮಾದರಿಯ ರೀತಿಯೇ ಬೇರೆ. ಅದನ್ನು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಲಿಯ ಅಧಿಕಾರಿಯೇ 1974ರ ಜಲ ಕಾಯಿದೆಯ ಕ್ರಮದಂತೆ ತೆಗೆಯಬೇಕು. ಕಾರ್ಖಾನೆಯವರಿಗೆ ನೋಟೀಸು ಕೊಟ್ಟು, ಅವರ ಎದುರಿನಲ್ಲೇ ಎರಡು ಪಾಲು ಮಾಡಿ, ಮೊಹರು ಹಾಕಿ, ಸಹಿ ಪಡೆಯಬೇಕು. ಈ ಕ್ರಮ ತಪ್ಪಿದ ವರದಿ ಸಾಕ್ಷ್ಯಕ್ಕೆ ಬರುವುದಿಲ್ಲ. ಆದ್ದರಿಂದ ಮಂಡಲಿಗೆ ಬಾಯಿಮಾತಿನ ದೂರು ಬೇಡ; ಬರೆದು ಕೊಟ್ಟು ಸ್ವೀಕೃತಿ ಪಡೆಯಿರಿ.

ಇಂತಹ ಮೊಕದ್ದಮೆಗಳಿಗೆ ದಾರಿ ತೋರಿದ್ದು ತಮಿಳುನಾಡಿನ ಪಾಲಾರ್ ದಂಡೆಯ ಚರ್ಮ ಹದ ಮಾಡುವ ಕಾರ್ಖಾನೆಗಳ ಪ್ರಕರಣ. ಸುಮಾರು 35,000 ಹೆಕ್ಟೇರ್ ಸಾಗುವಳಿ ಭೂಮಿ ಪೂರ್ತಿಯಾಗಿಯೋ ಭಾಗಶಃವೋ ಕೆಟ್ಟಿತ್ತೆಂಬ ಸಂಗತಿ ಸುಪ್ರೀಂ ಕೋರ್ಟಿನ ಮುಂದೆ ಬಂತು. ಕೆಡಿಸಿದವನೇ ನಷ್ಟ ತುಂಬಬೇಕು, ಕೆಟ್ಟ ಭೂಮಿಯನ್ನು ಸರಿಪಡಿಸುವ ಖರ್ಚೂ ಅವನದೇ ಎಂದು 1996ರ ಆಗಸ್ಟಿನಲ್ಲಿ ತೀರ್ಪಾಯಿತು. ಆದರೂ 2025ರ ಜನವರಿಯಲ್ಲಿ ಅದೇ ಮಾಲಿನ್ಯದ ಬಗ್ಗೆ ಅದೇ ನ್ಯಾಯಾಲಯ ಮತ್ತೆ ಆದೇಶ ಕೊಡಬೇಕಾಯಿತು. ತೀರ್ಪು ಬಂದೊಡನೆ ಬಾವಿ ತಿಳಿಯಾಗುತ್ತದೆಂದು ಯಾವ ವಕೀಲರಾದರೂ ಭರವಸೆ ಕೊಟ್ಟರೆ ನಂಬುವುದು ಕಷ್ಟ.

ಇನ್ನೊಂದು ಮಾತು. ದೂರಿನ ಸುದ್ದಿ ಹಬ್ಬಿದ ಕೂಡಲೇ ಕಾರ್ಖಾನೆಯ ಕಡೆಯವರು ಒಂದಿಷ್ಟು ಹಣದೊಡನೆ ಛಾಪಾ ಕಾಗದ ತರುವುದುಂಟು. "ಇನ್ನು ಮುಂದೆ ಯಾವ ತಕರಾರೂ ಇಲ್ಲ" ಎಂಬ ಸಾಲು ಅದರಲ್ಲಿ ಎಲ್ಲೋ ಇರುತ್ತದೆ. ವಕೀಲರಿಗೆ ತೋರಿಸದೆ ರುಜು ಹಾಕಕೂಡದು. ಪಹಣಿ, ಹಿಂದಿನ ವರ್ಷಗಳ ಮಾರಾಟದ ಪಟ್ಟಿ, ದನಗಳಿಗೆ ಚಿಕಿತ್ಸೆ ಮಾಡಿಸಿದ್ದರೆ ಪಶುವೈದ್ಯರ ಚೀಟಿ, ದೂರಿನ ಸ್ವೀಕೃತಿ, ನೀರಿನ ಎರಡು ವರದಿಗಳು, ಇವಿಷ್ಟನ್ನು ಒಂದು ಚೀಲದಲ್ಲಿಟ್ಟುಕೊಂಡು, ಅಕ್ಕಪಕ್ಕದ ಬಾವಿಯವರನ್ನೂ ಜೊತೆಗೆ ಕರೆದುಕೊಂಡು ಹೋಗಿರಿ. ಎಲ್ಲರೂ ಕೂಡಿ ಅರ್ಜಿ ಹಾಕಿದರೆ ಖರ್ಚು ಹಂಚಿಹೋಗುತ್ತದೆ.